‘ಆರಾಮ ಇರ್ಲಿ’ ಅಂತ ಹೇಳಿ ಒಯ್ದ ಮಗ್ಗ

ಮನೆಯಲ್ಲಿ ಕೂತು ಕೆಲಸ ಮಾಡುವವರನ್ನು ಕಂಡರೆ ಕೆಲವರಿಗೆ ಯಾಕಷ್ಟು ಹೊಟ್ಟೆಯುರಿ ಎನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ. ಕೆಲಸ ಆಯಿತೋ ಇಲ್ಲವೋ ಎಂದು ಅವರು ಕೇಳುವುದಿಲ್ಲ, ಎಲ್ಲಿ ಕೂತು ಮಾಡಿದಿರಿ ಎಂದು ಕೇಳುತ್ತಾರೆ. ಕಣ್ಣೆದುರಿಗೆ ಕೂತವನು ದಿನವಿಡೀ ಮೊಬೈಲ್ ತಿಕ್ಕುತ್ತಿದ್ದರೂ ಅವನು ದುಡಿಯುವವನು. ಕಣ್ಣಿಗೆ ಕಾಣದವಳು ಸೊಂಟ ಮುರಿಯುವಂತೆ ದುಡಿದರೂ ಅವಳು ಬರೀ ‘ಮನ್ಯಾಗ ಇರಾಕಿ’. ನಮ್ಮ ಓಣಿಯ ಸಂಗವ್ವನ ಮಗ್ಗದ ವಿಷಯದಲ್ಲಿ ನಡೆದದ್ದನ್ನು ನೋಡಿದ ಮೇಲಂತೂ ಈ ಮಾತು ಯಾರಾದರೂ ತೆಗೆದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಶೀಲಾ. ತವರು ಬಾದಾಮಿ, ಇಳಕಲ್ಲಿಗೆ ಸೊಸೆಯಾಗಿ ಬಂದವಳು. ಇಲ್ಲಿಯ ಕೆಂಪು ಗ್ರಾನೈಟನ್ನು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಕಲ್ಲು ಇಳಕಲ್ಲಿನದು, ಆಫೀಸು ಮಾತ್ರ ಬಾಗಲಕೋಟೆಯ ನವನಗರದಲ್ಲಿ. ಕೊರೋನಾ ಬಂದಾಗ ‘ಮನೆಯಿಂದಲೇ ಮಾಡಿ’ ಎಂದು ಲ್ಯಾಪ್‌ಟಾಪ್ ಕೊಟ್ಟು ಕಳಿಸಿದರು. ರೋಗ ಹೋದ ಮೇಲೂ ಅವರು ಕರೆಯಲಿಲ್ಲ, ನಾನೂ ನೆನಪು ಮಾಡಿಕೊಡಲಿಲ್ಲ. ಪಡಸಾಲೆಯ ಕಿಟಕಿಯ ಕೆಳಗೆ ಒಂದು ಟೇಬಲ್ಲು ಹಾಕಿಕೊಂಡೆ. ಆ ಕಿಟಕಿಯ ಆಚೆ ಒಬ್ಬರು ನಡೆದಾಡುವಷ್ಟು ಸಂದಿ, ಸಂದಿಯ ಆಚೆ ಸಂಗವ್ವನ ಮನೆಯ ಕಿಟಕಿ. ನಾನು ಕೀಬೋರ್ಡು ಕುಟ್ಟುತ್ತಿದ್ದರೆ ಆಕೆ ಮಗ್ಗ ಬಡಿಯುತ್ತಿದ್ದಳು.

"ನಿನ್ನ ಮಗ್ಗಕ್ಕ ಸಪ್ಪಳನ ಇಲ್ಲಲ್ಲ ಶೀಲಾ, ನೇಯಾಕತ್ತೀಯೋ ನಿದ್ದಿ ಮಾಡಾಕತ್ತೀಯೋ?" ಎಂದು ಕಿಟಕಿಯಿಂದಲೇ ಕೂಗುತ್ತಿದ್ದಳು.

"ನಿಮ್ಮ ಮಗ್ಗದ ಸಪ್ಪಳ ಇಬ್ಬರಿಗೂ ಸಾಕಾಗೈತಿ ಚಿಗವ್ವ" ಎಂದು ನಾನೂ ಕೂಗುತ್ತಿದ್ದೆ.

ನಮ್ಮ ಮ್ಯಾನೇಜರ್ ಸಾಹೇಬರಿಗೆ ಮಾತ್ರ ಆ ಸಪ್ಪಳ ಸೇರುತ್ತಿರಲಿಲ್ಲ. ಫೋನಿನಲ್ಲಿ ಮಾತಾಡುವಾಗಲೆಲ್ಲ "ಏನ್ರಿ ಅದು ಖಟಾಖಟ? ಗಿರಣ್ಯಾಗ ಕುಂತು ಮಾತಾಡಾಕತ್ತೀರೇನು?" ಎನ್ನುವರು. ನಾನು ಎದ್ದು ಕಿಟಕಿ ಹಾಕುತ್ತಿದ್ದೆ.

ಸಂಗವ್ವ ಐವತ್ತು ದಾಟಿದ, ಗಟ್ಟಿ ದನಿಯ, ಎತ್ತರದ ಹೆಂಗಸು. ಹಣೆಗೆ ಅಚ್ಚುಕಟ್ಟಾಗಿ ವಿಭೂತಿ, ಬಾಯಲ್ಲಿ ಎಲೆಯಡಿಕೆ. ಮಗ್ಗ ಆಕೆಯ ಮಾವನ ಕಾಲದ್ದು. ಪಡಸಾಲೆಯ ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ನೇಯುವಂಥದ್ದು. ಇಳಕಲ್ಲಿನಲ್ಲಿ ಮಗ್ಗವಿದ್ದ ಮನೆಯೆಂದರೆ ಹೀಗೇ. ಅಲ್ಲೇ ಊಟ, ಅಲ್ಲೇ ನೇಯ್ಗೆ, ಬಂದವರು ಕೂಡುವುದೂ ಅಲ್ಲೇ. ರೊಟ್ಟಿ ತಿರುವಿ ಹಾಕಿ ಬಂದು ಕುಣಿಗೆ ಇಳಿದರೆ ಮತ್ತೆ ಸಾರು ಉಕ್ಕುವ ಹೊತ್ತಿಗೇ ಮೇಲೆ ಬರುವುದು. ದೊಡ್ಡ ದೊಡ್ಡ ಕಂಪನಿಗಳು ಮನೆಯಿಂದ ಕೆಲಸ ಮಾಡಬಹುದು ಎಂಬುದನ್ನು ಕೊರೋನಾ ಕಾಲದಲ್ಲಿ ಕಂಡುಹಿಡಿದೆವು ಎಂದು ಬೀಗಿದವು. ಇಳಕಲ್ಲಿನವರು ಅದನ್ನು ಕೇಳಿ ನಗದೆ ಇನ್ನೇನು ಮಾಡಬೇಕು?

ಆ ಕುಣಿಯಲ್ಲಿ ಮೊದಲು ಕೂಡುತ್ತಿದ್ದವನು ಸಂಗವ್ವನ ಗಂಡ ರಾಚಪ್ಪ. ಸಂಗವ್ವ ಮೇಲೆ ಕೂತು ನೂಲು ಸುತ್ತಿ ಕೊಡುತ್ತಿದ್ದಳು. ಕೆಲವು ವರ್ಷಗಳ ಹಿಂದೆ ರಾಚಪ್ಪ ಯಾರದೋ ಲಗ್ನ ಮುಗಿಸಿ ಬರುವಾಗ ರಾಮಥಾಳದ ಹತ್ತಿರ ಟಂಟಂ ಗಾಡಿ ಉರುಳಿ ಬಿತ್ತು. ಜೀವ ಉಳಿಯಿತು, ಸೊಂಟದ ಕೆಳಗಿನದೆಲ್ಲ ಹೋಯಿತು. ಬಾಗಲಕೋಟೆಯ ದವಾಖಾನೆಯಿಂದ ಮನೆಗೆ ತಂದು ಮಲಗಿಸಿದ ಮೇಲೆ ಆತ ಗೋಡೆಯ ಕಡೆ ಮುಖ ಮಾಡಿದವನು ತಿರುಗಿ ನೋಡಲಿಲ್ಲ. ಊಟ ಮಾಡು ಎಂದರೆ, "ಯಾಕ? ಯಾವ ಕೆಲಸಕ್ಕ ಹೋಗೂದೈತಿ ಉಂಡು?" ಎನ್ನುತ್ತಿದ್ದ. ನನ್ನನ್ನು ಯಾಕೆ ಉಳಿಸಿಕೊಂಡಿರಿ ಎಂದು ನಮ್ಮ ಮಾವನ ಕೈ ಹಿಡಿದು ಅತ್ತದ್ದನ್ನು ನಾನೇ ನೋಡಿದ್ದೇನೆ. ಅಷ್ಟು ನಗಿಸಿ ನಗಿಸಿ ಮಾತಾಡುತ್ತಿದ್ದ ಮನುಷ್ಯ.

ಒಂದು ದಿನ ಸಂಗವ್ವನಿಗೆ ಸಿಟ್ಟು ನೆತ್ತಿಗೇರಿತು. ಆತನನ್ನು ಎತ್ತಿ ತಂದು, ಬೆನ್ನಿಗೆ ಗೋಡೆ ಕೊಟ್ಟು, ಮಗ್ಗದ ಮುಂದೆ ಕೂಡ್ರಿಸಿದಳು. ನೂಲಿನ ಎಳೆಗಳನ್ನು ಕೈಗೆ ಕೊಟ್ಟಳು.

"ಕಾಲು ಹೋಗ್ಯಾವ, ಕೈಗೇನಾಗೈತಿ? ಹಿಡೀರಿ. ನಾ ತುಳೀತೀನಿ, ನೀವು ಕೂಡಸ್ರಿ" ಎಂದಳು. ತಾನು ಕುಣಿಗೆ ಇಳಿದಳು.

ಕೂಡಿಸುವುದು ಎಂದರೆ ಏನೆಂದು ಹೇಳಬೇಕು. ಇಳಕಲ್ಲ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗೆ ಸೆರಗಿನ ಕೆಂಪು ರೇಷ್ಮೆಯ ಎಳೆ ಸಿಕ್ಕಿಸಿ, ಒಂದೊಂದನ್ನೇ ಹಿಡಿದು, ಅಷ್ಟೂ ಎಳೆಗಳನ್ನು ಕೈಯಿಂದಲೇ ಜೋಡಿಸಬೇಕು. ಹೊಸ ಸೀರೆ ಎಂದರೆ ಹೊಸದಾಗಿ ಜೋಡಿಸಬೇಕು. ಕತ್ತು ಸೆಟೆದುಕೊಳ್ಳುತ್ತದೆ, ಕಣ್ಣಲ್ಲಿ ನೀರಾಡುತ್ತದೆ. ಒಬ್ಬರೇ ಮಾಡಿದರೆ ಮುಗಿಯುವ ಮಾತೇ ಅಲ್ಲ, ಇನ್ನೊಬ್ಬರು ಎಳೆ ಹಿಡಿದುಕೊಂಡಿರಬೇಕು. ಇಳಕಲ್ಲಿನಲ್ಲಿ ಆ ಇನ್ನೊಬ್ಬರಿಗೆ ಯಾವ ಹೆಸರೂ ಇಲ್ಲ, ಕೂಲಿಯೂ ಇಲ್ಲ. ಅತ್ತೆ, ಸೊಸೆ, ಮುದುಕ, ಮಗಳು ಯಾರೋ ಒಬ್ಬರು. ಸೀರೆಗೆ ಬರುವ ಕೂಲಿ ಮಗ್ಗದಲ್ಲಿ ಕೂತವರ ಹೆಸರಿಗೆ ಬರುತ್ತದೆ.

ರಾಚಪ್ಪನಿಗೆ ಆ ಕೆಲಸ ಕೈಗೆ ಹತ್ತಿತು. ತಿಂಗಳು ಕಳೆಯುವುದರೊಳಗೆ ಮಾತೂ ಬಂತು, ನಗುವೂ ಬಂತು. ನಮ್ಮ ಕಡೆ ಎದುರು ಸಿಕ್ಕವರನ್ನು ಮೊದಲು ಕೇಳುವುದೇ ‘ಆರಾಮ ಅದೀರೇನ್ರಿ’ ಎಂದು. ಬಾಗಿಲಲ್ಲಿ ಹಾದು ಹೋಗುವವರು ಹಾಗೆ ಕೇಳಿದರೆ, ರಾಚಪ್ಪ ಎಳೆ ಹಿಡಿದ ಕೈಯನ್ನೇ ಮೇಲೆತ್ತಿ ತೋರಿಸಿ, "ಭಾಳ ಆರಾಮ ನೋಡ್ರಿ. ನಾ ಕೂಡಸ್ತೀನಿ, ಆಕಿ ಬಡೀತಾಳ. ನಮ್ಮ ಸಂಸಾರ ಮೊದಲಿಂದ ಹಿಂಗ ಐತಿ" ಎನ್ನುತ್ತಿದ್ದ. ಸಂಗವ್ವ ಕುಣಿಯೊಳಗಿನಿಂದಲೇ, "ಬಾಯಿ ಕಡಿಮಿ ಮಾಡ್ರಿ, ಎಳಿ ತಪ್ತೈತಿ" ಎಂದು ಗದರುತ್ತಿದ್ದಳು. ಆ ಗದರಿಕೆಯಲ್ಲಿ ಎಂಥ ಖುಷಿ ಇತ್ತು ಎಂಬುದು ಸಂದಿಯ ಈಚೆ ಕೂತ ನನಗೆ ಚೆನ್ನಾಗಿ ಗೊತ್ತಿತ್ತು.

ಇವರಿಗೆ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುತ್ತಿದ್ದವನು ಅನಿಲಕುಮಾರ. ಅಜ್ಜನ ಕಾಲದಿಂದ ಸೀರೆಯ ವ್ಯಾಪಾರ, ಓಣಿಗೆಲ್ಲ ಅವನೇ ಸಾವಕಾರ. ಕೆಟ್ಟವನಲ್ಲ. ಅದೇ ತಾಪತ್ರಯ. ಕೆಟ್ಟವನಾಗಿದ್ದರೆ ಮುಖದ ಮೇಲೆ ಬೈದು ಸುಮ್ಮನಾಗಬಹುದಿತ್ತು. ಇವನು ಕೈ ಮುಗಿದು, ಕಾಕಾ, ಕಾಕು ಎಂದು ಕರೆದು, ನಗುನಗುತ್ತಲೇ ಮನೆ ಮುಳುಗಿಸುವವನು.

ಹೋದ ವರ್ಷ ಶ್ರಾವಣ ಮುಗಿದ ಮೇಲೆ ಒಂದು ಮಧ್ಯಾಹ್ನ ಸಂಗವ್ವನ ಮನೆಗೆ ಬಂದು ಕೂತ. ನಾನು ಅಲ್ಲಿ ಸಾಸಿವೆ ಇಸಿದುಕೊಳ್ಳಲು ಹೋಗಿದ್ದೆ.

"ಕಾಕು, ಚಲೋ ಸುದ್ದಿ ತಂದೀನ್ರಿ. ಹುನಗುಂದ ರಸ್ತೆದಾಗ ನಮ್ಮ ಶೆಡ್ ತಯಾರಾತು. ಫ್ಯಾನ್ ಅದಾವ, ಟ್ಯೂಬಲೈಟ್ ಅದಾವ, ಕುಡಿಯಾಕ ಥಣ್ಣನ ನೀರು. ಇನ್ನ ಎಲ್ಲಾ ಮಗ್ಗ ಅಲ್ಲೇ."

"ಅಲ್ಲೇ ಅಂದ್ರ?" ಸಂಗವ್ವ ಕುಣಿಯಿಂದ ಮೇಲೆ ಬಂದಳು.

"ಅಲ್ಲೇ ಅಂದ್ರ ಅಲ್ಲೇ. ಮುಂಜಾನೆ ಬಂದು ಹೆಬ್ಬೆಟ್ಟು ಒತ್ತೂದು, ನೇಯೂದು, ಸಂಜಿಕೆ ಮನಿಗೆ. ಮನ್ಯಾಗ ನೇಯ್ದ್ರ ಒಲಿ ಹೊಗಿ ಹಿಡಿತೈತಿ, ಮಳಿ ಬಂದ್ರ ಸೋರ್ತೈತಿ, ನಡುವ ಬೀಗರು ಬರ್ತಾರ, ಹಬ್ಬ ಬರ್ತೈತಿ. ಸೀರಿ ಹೇಳಿದ ವೇಳ್ಯಾಕ್ಕ ಬರೂದುಲ್ಲ. ಹೊರಗಿನ ವ್ಯಾಪಾರಸ್ತರು ಬಂದ್ರ ತೋರ್ಸಾಕ ಒಂದು ಜಾಗಾ ಬೇಕಲ್ರಿ?"

"ನನ್ನ ಸೀರಿ ಯಾವಾಗ ತಡಾ ಆಗೈತ್ರಿ ಸಾವಕಾರ್ರ? ಯಾವ ಸೀರ್ಯಾಗ ಹೊಗಿ ವಾಸನಿ ಬಂದೈತಿ?"

"ನಿಮ್ಮದಲ್ರಿ ಕಾಕು, ಒಟ್ಟು ಮಾತು ಹೇಳಾಕತ್ತೀನಿ. ನಿಯಮ ಅಂದ ಮ್ಯಾಲ ಎಲ್ಲಾರಿಗೂ ಒಂದ."

ರಾಚಪ್ಪ ಆಗ ಸೆರಗು ಕೂಡಿಸುತ್ತಿದ್ದ. ಕೈ ನಿಂತಿತು.

ತಮಾಷೆ ನೋಡಿ, ಅದೇ ವಾರ ನನಗೂ ಆಫೀಸಿನಿಂದ ಮೇಲ್ ಬಂತು. ಎಲ್ಲರೂ ಒಂದೇ ಸೂರಿನಡಿ ಕೂತು ಕೆಲಸ ಮಾಡಿದರೆ ತಂಡದ ಮನೋಭಾವ ಬೆಳೆಯುತ್ತದಂತೆ, ಆದ್ದರಿಂದ ಮುಂದಿನ ತಿಂಗಳಿಂದ ಎಲ್ಲರೂ ಬಾಗಲಕೋಟೆಗೆ ಬರಬೇಕಂತೆ. ನಮ್ಮ ವಾಟ್ಸಪ್ ಗುಂಪಿನಲ್ಲಿ ಕೋಲಾಹಲವೇ ಎದ್ದಿತು. ಇಳಕಲ್ಲಿನಿಂದ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಅಲ್ಲಿ ಅದೇ ಲ್ಯಾಪ್‌ಟಾಪ್ ತೆರೆದು, ಪಕ್ಕದ ಕುರ್ಚಿಯವನಿಗೆ ಅದೇ ಮೇಲ್ ಕಳಿಸಿ ಬರುವುದು ಯಾವ ಪುರುಷಾರ್ಥಕ್ಕೆ ಎಂದು ನಾನೂ ಜಗಳಾಡಿದೆ. ನಮ್ಮಲ್ಲಿ ಇಂಗ್ಲಿಷಿನಲ್ಲಿ ನಯವಾಗಿ ಬೆದರಿಕೆ ಹಾಕಬಲ್ಲವರಿದ್ದರು, ಬೇರೆ ಕೆಲಸ ಸಿಕ್ಕಿದೆ ಎಂದು ಸುಳ್ಳು ಹೇಳಬಲ್ಲವರೂ ಇದ್ದರು. ಕೊನೆಗೆ ವಾರದಲ್ಲಿ ಎರಡು ದಿನ ಬನ್ನಿ, ಉಳಿದದ್ದು ಮನೆಯಲ್ಲಿ ಎಂದು ಒಪ್ಪಂದವಾಯಿತು. ನಾವು ಅದನ್ನೇ ದೊಡ್ಡ ಅನ್ಯಾಯ ಎಂದು ಗೊಣಗಿದೆವು.

ಸಂಗವ್ವನ ಪರವಾಗಿ ಮೇಲ್ ಬರೆಯುವವರು ಯಾರು? ಪೇಪರಿನಲ್ಲಿ, ಟೀವಿಯಲ್ಲಿ ಆಫೀಸೋ ಮನೆಯೋ ಎಂದು ಅಷ್ಟೆಲ್ಲ ಚರ್ಚೆ ಮಾಡುತ್ತಾರಲ್ಲ, ಒಬ್ಬನಾದರೂ ಇಳಕಲ್ಲಿನ ಪಡಸಾಲೆಗೆ ಬಂದು ಕೇಳಿದನೇ?

ಶೆಡ್ಡಿನ ಅಂಗಳದಲ್ಲಿ ಒಂದು ದಿನ ನೇಕಾರರನ್ನೆಲ್ಲ ಕರೆದು ಸಭೆ ಮಾಡಿದರು. ಸಂಗವ್ವ ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದಳು. ಎಲ್ಲರೂ ವಿರೋಧ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಹಿಂದಿನ ಓಣಿಯ ಅಲೀಮಾ ಎದ್ದು ನಿಂತು, "ನಾ ಅಂತೂ ಬರ್ತೇನ್ರಿ. ಮನ್ಯಾಗ ಕುಂತ್ರ ಚಹಾ ಮಾಡು, ಕೂಸು ಹಿಡಿ, ಬಾಗಲಾ ತಗಿ. ಇಲ್ಲಿ ಕುಂತ್ರ ಯಾರೂ ನನ್ನ ಕರಿಯಂಗಿಲ್ಲ. ಆಕಿ ಕೆಲಸಕ್ಕ ಹೋಗ್ಯಾಳ ಅಂತಾರ" ಎಂದಳು. ಹೆಂಗಸರು ಹೋ ಎಂದು ನಕ್ಕರು. ನಾನೂ ನಕ್ಕೆ. ಅದರಲ್ಲಿ ಸುಳ್ಳೇನಿತ್ತು? ಮನೆಯಲ್ಲಿ ಕೆಲಸ ಮಾಡುವ ಹೆಂಗಸಿಗೆ ಎರಡು ಕಡೆಯಿಂದಲೂ ಕರೆ ಬರುತ್ತದೆ ಎಂಬುದು ನನಗೂ ಗೊತ್ತು. ಹೋಗಬೇಕೆನ್ನುವವಳು ಸುಖವಾಗಿ ಹೋಗಲಿ. ಆದರೆ ಅಲೀಮಾಳಿಗೆ ಬಾಗಿಲು ತೆರೆಯಬೇಕೆಂದರೆ ಸಂಗವ್ವನ ಬಾಗಿಲು ಮುಚ್ಚಲೇಬೇಕು ಎನ್ನುವುದು ಯಾವ ನ್ಯಾಯ?

ಸಂಗವ್ವ ಎದ್ದಳು. "ಸಾವಕಾರ್ರ, ಮನ್ಯಾಗ ನಮ್ಮವ್ರು ಸೆರಗು ಕೂಡಸ್ತಾರ. ನಿಮಗ ಗೊತ್ತೈತಿ. ನಾ ಇಲ್ಲಿಗೆ ಬಂದ್ರ ಅವ್ರನ್ನೂ ಕರ್ಕೊಂಡ ಬರ್ತೇನಿ. ಒಂದ ಮೂಲ್ಯಾಗ ಕೂಡ್ರತಾರ. ಮಂದಿಗೆ ತ್ರಾಸ ಆಗೂದುಲ್ಲ."

"ಬ್ಯಾಡ್ರಿ ಕಾಕು" ಎಂದ ಅನಿಲಕುಮಾರ. ದನಿಯಲ್ಲಿ ಏನು ಪ್ರೀತಿ! "ಎತ್ತಿ ಇಳಿಸೂದ್ರಾಗ ಬಿದ್ದು ಗಿದ್ದು ಏನರ ಆದ್ರ ನನ್ನ ಮ್ಯಾಲ ಬರ್ತೈತಿ. ಒಂದು ಮಗ್ಗಕ್ಕ ಒಂದ ಹೆಬ್ಬೆಟ್ಟು, ಹಂಗ ಲೆಕ್ಕಾ ಕುಂದ್ರಿಸೀವಿ. ಸೆರಗು ಕೂಡಸಾಕ ಇಲ್ಲೇ ಇಬ್ಬರನ್ನ ಇಟ್ಟೀವ್ರಿ. ಕಾಕಾ ಭಾಳ ದುಡದಾರ. ಇನ್ನ ಮನ್ಯಾಗ ಆರಾಮ ಇರ್ಲಿ."

ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಸಾವಕಾರ ಎಷ್ಟು ಒಳ್ಳೆಯ ಮಾತಾಡಿದ ಎಂಬಂತೆ ಒಬ್ಬಿಬ್ಬರು ನಿಟ್ಟುಸಿರೂ ಬಿಟ್ಟರು. ಸಂಗವ್ವ ಕೂತುಬಿಟ್ಟಳು. ಬೈದವರಿಗೆ ತಿರುಗಿ ಬೈಯಬಹುದು. ‘ಆರಾಮ ಇರ್ಲಿ’ ಎಂದವರಿಗೆ ಏನೆನ್ನಬೇಕು? ನೂಲು ಕೊಡುವ ಕೈ ಬೇರೆ ಅವನದು.

ಮಗ್ಗ ಒಯ್ಯಲು ಟ್ರ್ಯಾಕ್ಟರು ಬಂದ ದಿನ ನಾನು ಮನೆಯಲ್ಲೇ ಇದ್ದೆ. ರಾಚಪ್ಪ ಗೋಡೆಗೆ ಒರಗಿ ಕೂತು, ಒಂದೊಂದು ಕಟ್ಟಿಗೆ ಬಿಚ್ಚುವಾಗಲೂ "ಸಾವಕಾಶ ತಮ್ಮಾ, ಆ ಗೂಟಾ ನಮ್ಮಪ್ಪ ಕೂಡ್ರಿಸಿದ್ದು" ಎಂದು ಹೇಳುತ್ತಿದ್ದ. ಎಲ್ಲ ಹೊರಗೆ ಹೋದ ಮೇಲೆ ಪಡಸಾಲೆಯಲ್ಲಿ ಬರೀ ಕುಣಿ ಉಳಿಯಿತು. ಕಾಲು ಜಾರಿ ಯಾರಾದರೂ ಬಿದ್ದಾರು ಎಂದು ಟ್ರ್ಯಾಕ್ಟರಿನವರೇ ಅದರ ಮೇಲೆ ಎರಡು ಪರಸಿ ಕಲ್ಲು ಹಾಸಿ ಕೊಟ್ಟರು. ಜಾಗ ಆಯಿತಲ್ಲ ಎಂದು ರಾಚಪ್ಪನ ಮಂಚವನ್ನು ತಂದು ಆ ಕಲ್ಲಿನ ಮೇಲೆಯೇ ಇಟ್ಟರು. ಕುಣಿಯ ಮೇಲೆ ಮನುಷ್ಯನನ್ನು ಮಲಗಿಸಿದ್ದನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ. ನಮ್ಮ ಕಡೆ ಸತ್ತವರಿಗೆ ತೋಡುವುದನ್ನೂ ಕುಣಿ ಎಂದೇ ಅನ್ನುತ್ತಾರೆ.

ಮರುದಿನ ಮ್ಯಾನೇಜರ್ ಸಾಹೇಬರು ಫೋನಿನಲ್ಲಿ, "ಈಗ ಬೇಸಿ ಆತು ನೋಡ್ರಿ. ಸಪ್ಪಳ ನಿಂತೈತಿ" ಎಂದರು.

ಸಂಗವ್ವ ಮುಂಜಾನೆ ರೊಟ್ಟಿ ಬಡಿದು, ಗಂಡನ ಮೈ ಒರೆಸಿ, ನೀರು, ಊಟ ಎಲ್ಲ ಕೈಗೆಟುಕುವಂತೆ ಇಟ್ಟು ಶೆಡ್ಡಿಗೆ ಓಡುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದು ಹೋಗುತ್ತೇನೆ ಎಂದರೆ ಹೆಬ್ಬೆಟ್ಟಿನ ಯಂತ್ರ ಒಪ್ಪುವುದಿಲ್ಲ. ನಾನು ಮನೆಯಲ್ಲಿದ್ದ ದಿನ ಹೋಗಿ ನೋಡುತ್ತಿದ್ದೆ. ರಾಚಪ್ಪನ ಊಟದ ತಾಟು ಮುಚ್ಚಿದ್ದು ಮುಚ್ಚಿದಂತೆಯೇ ಇರುತ್ತಿತ್ತು. ಆತನ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹೊದೆಯುವ ಚಾದರದ ಅಂಚಿನ ಎಳೆಗಳನ್ನು ಬಿಡಿಸುವುದು, ಮತ್ತೆ ಒಂದಕ್ಕೊಂದು ಕೂಡಿಸುವುದು, ಮತ್ತೆ ಬಿಡಿಸುವುದು.

"ಉಣ್ರಿ ಕಾಕಾ" ಎಂದರೆ, "ಯಾವ ಕೆಲಸಕ್ಕ ಹೋಗೂದೈತಿ ಶೀಲಾ?" ಎಂದು ಗೋಡೆಯ ಕಡೆ ತಿರುಗುತ್ತಿದ್ದ. ಅದೇ ಹಳೆಯ ಮಾತು, ಅದೇ ಗೋಡೆ. ಬಾಗಿಲಲ್ಲಿ ಹೋಗುವವರು ‘ಆರಾಮ ಅದೀರೇನ್ರಿ’ ಎಂದು ಕೇಳಿದರೆ ಈಗ ಉತ್ತರವೇ ಬರುತ್ತಿರಲಿಲ್ಲ. ಕೇಳುವವರೂ ಕ್ರಮೇಣ ಕೇಳುವುದನ್ನು ಬಿಟ್ಟರು.

ಸಂಗವ್ವನಿಗೆ ಇದು ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಒಂದು ಸಂಜೆ ಬಂದು ಕಿಟಕಿಯಲ್ಲಿ ನಿಂತು, "ಮನುಷ್ಯಾ ಕೈಬಿಟ್ಟು ಹೋಗಾಕತ್ತಾನ ಶೀಲಾ. ನಾ ಅಲ್ಲಿ ಕುಂತು ಸೀರಿ ನೇಯಾಕತ್ತೀನಿ, ಯಾರಿಗೆ ನೇಯಾಕತ್ತೀನಿ?" ಎಂದಳು. ಆಕೆ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೂಲಿ ಕೊಡುವ ದಿನ ಬಂತು. ಸಂಗವ್ವ ಶೆಡ್ಡಿನಿಂದ ನೇರವಾಗಿ ನನ್ನ ಬಾಗಿಲಿಗೆ ಬಂದಳು. ಮುಖ ಕೆಂಪಗಾಗಿತ್ತು. ಕೂಲಿಯಲ್ಲಿ ಮುರಿದುಕೊಂಡಿದ್ದರು. ಯಾಕೆ ಎಂದು ಕೇಳಿದರೆ, "ಸೆರಗು ಕೂಡಿಸಿದವ್ರ ಪಗಾರ ನೇಯುವವ್ರಿಂದನ ಮುರಕೋಬೇಕು ಅಂತ ಸಾವಕಾರ್ರು ಹೇಳ್ಯಾರ" ಎಂದು ಅಲ್ಲಿಯ ಗುಮಾಸ್ತೆ ಹೇಳಿದನಂತೆ.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಇಷ್ಟು ವರ್ಷ ರಾಚಪ್ಪ ಕತ್ತು ಬಗ್ಗಿಸಿ ಮಾಡಿದ್ದು ಕೆಲಸವೇ ಅಲ್ಲ, ಅದಕ್ಕೆ ಕೂಲಿ ಇಲ್ಲ. ಅವನನ್ನು ಮನೆಯಲ್ಲಿ ಕೂಡ್ರಿಸಿದ ಮರುಗಳಿಗೆಯೇ ಅದು ಕೆಲಸವಾಯಿತು, ಅದಕ್ಕೆ ಪಗಾರವೂ ಹುಟ್ಟಿತು. ಆ ಪಗಾರವನ್ನು ಯಾರ ಕೂಲಿಯಿಂದ ಮುರಿದರು ನೋಡಿ. ಅವನ ಹೆಂಡತಿಯದರಿಂದ!

"ಬಾ" ಎಂದಳು ಸಂಗವ್ವ. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಸಾಹೇಬರ ಫೋನು ಬರುತ್ತಿತ್ತು. ಬರಲಿ ಎಂದು ಬಿಟ್ಟೆ.

ಅನಿಲಕುಮಾರ ಶೆಡ್ಡಿನಲ್ಲಿ ಇರಲಿಲ್ಲ. ಅವನು ಅಲ್ಲಿ ಇರುವುದೇ ಅಪರೂಪ. ತನ್ನ ಮನೆಯ ಪಡಸಾಲೆಯಲ್ಲಿ, ಜೋಕಾಲಿಯ ಮೇಲೆ ಕೂತು, ಫೋನಿನಲ್ಲಿ ಯಾರಿಗೋ ರೇಷ್ಮೆಯ ದರ ಹೇಳುತ್ತಿದ್ದ. ಪಕ್ಕದಲ್ಲಿ ಚಹದ ಕಪ್ಪು. ನಮ್ಮನ್ನು ನೋಡಿ ನಕ್ಕು, ಕೂಡ್ರಿ ಎಂದು ಕೈ ಮಾಡಿದ. ಸಂಗವ್ವ ಕೂಡಲಿಲ್ಲ.

"ಸೆರಗು ಕೂಡ್ಸೂದಕ್ಕ ಪಗಾರ ಐತೇನ್ರಿ?"

"ಐತಲ್ರಿ ಕಾಕು. ಕೆಲಸ ಅಂದ ಮ್ಯಾಲ ಪಗಾರ ಇಲ್ದ ಯಾರು ಮಾಡ್ತಾರ?"

"ನಮ್ಮವ್ರು ಮಾಡ್ಯಾರ."

ಅನಿಲಕುಮಾರ ಚಹಾ ಒಂದು ಗುಟುಕು ಕುಡಿದು, "ಅದು ಮನಿ ಕೆಲಸ ಅಲ್ರಿ? ಗಂಡ ಹೆಂಡತಿಗೆ ಕೈ ಜೋಡಿಸಿದ್ದಕ್ಕ ನಾ ಪಗಾರ ಕೊಡಾಕಾಗ್ತೈತೇನು? ಶೆಡ್ಡಿನ್ಯಾಗ ಮಾಡಿದ್ದು ಕೆಲಸ. ಮನ್ಯಾಗ ಮಾಡಿದ್ದು ಮನ್ಯಾಗ" ಎಂದ. ನಾಚಿಕೆಯಿಂದ ಹೇಳಲಿಲ್ಲ, ಎರಡೂ ಎರಡೂ ನಾಲ್ಕು ಎನ್ನುವ ಹಾಗೆ ಹೇಳಿದ.

"ಹಂಗಾರ ನೀ ಈಗ ಏನು ಮಾಡಾಕತ್ತೀಯೋ ಅನಿಲ್ಯಾ?" ಸಂಗವ್ವನ ಬಾಯಲ್ಲಿ ಸಾವಕಾರ ಹೋಗಿ, ಚಡ್ಡಿ ಹಾಕಿಕೊಂಡು ಓಣಿಯಲ್ಲಿ ಆಡುತ್ತಿದ್ದ ಅನಿಲ್ಯಾ ಬಂದುಬಿಟ್ಟ. "ಜೋಕಾಲಿ ಮ್ಯಾಲ ಕುಂತು, ಚಹಾ ಕುಡಕೋತ, ಫೋನಿನ್ಯಾಗ ಧಾರಣಿ ಹೇಳಾಕತ್ತಿ. ಇದು ವ್ಯಾಪಾರೋ, ಮನಿ ಕೆಲಸೋ? ನಿನ್ನ ಹೆಬ್ಬೆಟ್ಟು ಯಾವ ಯಂತ್ರದ ಮ್ಯಾಲ ಒತ್ತೀದಿ ಇವತ್ತ?"

"ಕಾಕು, ದನಿ ಕಡಿಮಿ ಮಾಡ್ರಿ."

"ನನ್ನ ಗಂಡ ಆರಾಮ ಇರ್ಲಿ ಅಂದಿ. ಅವಂಗ ಕೈಗೆ ಕೆಲಸ ಇದ್ದಾಗ ಅಂವ ಆರಾಮ ಇದ್ದ. ನೀ ಮಗ್ಗ ಒಯ್ದು ಅವನ ಆರಾಮ ತಗದಿ. ನಾ ಮಗ್ಗ ವಾಪಸ ಒಯ್ತೀನಿ. ಅದು ನನ್ನ ಮಾವಂದು, ನಿನ್ನ ಅಪ್ಪಂದಲ್ಲ."

"ಒಯ್ರಿ. ನೂಲು ಎಲ್ಲಿಂದ ತರ್ತೀರಿ?" ಎಂದ ಅನಿಲಕುಮಾರ. ನಗು ಇನ್ನೂ ಮುಖದ ಮೇಲೆಯೇ ಇತ್ತು.

ಸಂಗವ್ವ ಸರ್ರನೆ ತಿರುಗಿ ಹೊರಟಳು, ನಾನು ಹಿಂದೆಯೇ ಹೋದೆ. ಮನೆಯ ಹತ್ತಿರ ಬಂದಾಗ, "ಉಪಾಸ ಬಿದ್ರ ಇಬ್ಬರೂ ಕೂಡೇ ಬೀಳ್ತೀವಿ" ಎಂದಷ್ಟೇ ಅಂದಳು.

ಮಗ್ಗ ಬಂದದ್ದು ಕೈಗಾಡಿಯ ಮೇಲೆ, ಎರಡು ಸಲಕ್ಕೆ. ನಮ್ಮ ಮನೆಯವರು ಒಂದು ಕಡೆ ಹಿಡಿದರು. ಬೇಡ ಎಂದರೂ ಕೇಳದೆ ಅಲೀಮಾಳ ಗಂಡ ತೌಸಿಫ ಇನ್ನೊಂದು ಕಡೆ ಹಿಡಿದ. ಅಲೀಮಾ ಶೆಡ್ಡಿಗೆ ಹೋಗುವವಳೇ, ಈಗಲೂ ಹೋಗುತ್ತಾಳೆ. "ನನಗ ಅಲ್ಲಿ ಬೇಸಿ, ಆಕಿಗೆ ಇಲ್ಲಿ ಬೇಸಿ. ಇದ್ರಾಗ ತಿಳಿಲಾರದ್ದು ಏನೈತಿ?" ಎಂದಳು ಅಲೀಮಾ. ಅಷ್ಟು ದೊಡ್ಡ ಕಂಪನಿಗಳಿಗೆ, ಅಷ್ಟು ಓದಿದವರಿಗೆ, ಈ ಮಾತು ಯಾಕೆ ತಲೆಗೆ ಹೋಗುವುದಿಲ್ಲವೋ.

ಮಂಚ ಸರಿಸಿ ಪರಸಿ ಕಲ್ಲು ಎಬ್ಬಿಸಿದೆವು. ಕುಣಿಯೊಳಗೆ ಜೇಡರ ಬಲೆ ಕಟ್ಟಿತ್ತು. ಗೂಟ ಕೂಡಿಸುವಾಗ ರಾಚಪ್ಪ ಗೋಡೆಯಿಂದ ಮುಖ ತಿರುಗಿಸಿದ. "ಆ ಗೂಟ ಅಲ್ಲಲೇ, ಎಡಕ್ಕ, ಎಡಕ್ಕ" ಎಂದು ಕೂಗಿದ. ತೌಸಿಫನನ್ನು ಬೈದ, ನಮ್ಮ ಮನೆಯವರನ್ನೂ ಬೈದ. ಬೈಸಿಕೊಂಡವರಿಬ್ಬರೂ ನಗುತ್ತಿದ್ದರು.

ನೂಲಿಗಾಗಿ ಸಂಗವ್ವ ಬಹಳ ಅಲೆದಳು. ಇಳಕಲ್ಲಿನ ದೊಡ್ಡ ಅಂಗಡಿಯವರು ಯಾರೂ ಕೊಡಲಿಲ್ಲ. ಅನಿಲಕುಮಾರನನ್ನು ಎದುರು ಹಾಕಿಕೊಳ್ಳುವ ಮನಸ್ಸು ಅವರಿಗಿರಲಿಲ್ಲ. ಕೊನೆಗೆ ಹುನಗುಂದದ ಅಂದಾನಪ್ಪ ಎಂಬ ಸಣ್ಣ ವ್ಯಾಪಾರಿ ನೂಲು ಕೊಡಲು ಒಪ್ಪಿದ. ರೇಷ್ಮೆ ಕಡಿಮೆ, ಹತ್ತಿ ಹೆಚ್ಚು, ಕೂಲಿ ಮೊದಲಿಗಿಂತ ಕಡಿಮೆ. ಒಮ್ಮೊಮ್ಮೆ ನೂಲೇ ಬರುವುದಿಲ್ಲ, ಮಗ್ಗ ಖಾಲಿ ನಿಲ್ಲುತ್ತದೆ. ಸಂಗವ್ವ ಗೆದ್ದಳು ಎಂದು ಹೇಳಿ ನಿಮ್ಮನ್ನು ಖುಷಿಪಡಿಸಲಾರೆ. ತನ್ನ ಮನೆಯಲ್ಲಿ ತನ್ನ ಮಗ್ಗದಲ್ಲಿ ನೇಯುವುದಕ್ಕೆ ಆಕೆ ಇವತ್ತಿಗೂ ದಂಡ ಕಟ್ಟುತ್ತಿದ್ದಾಳೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಈಗ ನಾನು ಕಿಟಕಿ ಹಾಕುವುದಿಲ್ಲ. ಮೊನ್ನೆ ಸಾಹೇಬರು ಫೋನಿನಲ್ಲಿ ಮತ್ತೆ, "ಏನ್ರಿ, ಆ ಖಟಾಖಟ ಮತ್ತ ಚಾಲೂ ಆತಲ್ಲ?" ಎಂದರು.

"ಬಾಜೂಕಿನ ಆಫೀಸ ಚಾಲೂ ಆಗೈತ್ರಿ ಸರ್" ಎಂದೆ. ಅವರು ಹೌದೇ ಎಂದರು.

ಹೋದ ತಿಂಗಳು ಅನಿಲಕುಮಾರ ನಮ್ಮ ಓಣಿಗೆ ಬಂದಿದ್ದ. ಓಣಿಯ ಕೊನೆಯ ಮನೆಯಲ್ಲಿ ಉಳಿದಿದ್ದ ಒಂದು ಮಗ್ಗವನ್ನು ಶೆಡ್ಡಿಗೆ ಒಯ್ಯುವುದಿತ್ತು. ಟ್ರ್ಯಾಕ್ಟರು ಹಿಂದೆ ನಿಂತಿತ್ತು. ಸಂಗವ್ವನ ಬಾಗಿಲು ತೆರೆದೇ ಇತ್ತು. ಒಳಗೆ ಆಕೆ ಕುಣಿಯಲ್ಲಿ ಎಳೆ ಹಿಡಿದು ಕೂತಿದ್ದಳು, ರಾಚಪ್ಪ ಕತ್ತು ಬಗ್ಗಿಸಿ ಸೆರಗು ಕೂಡಿಸುತ್ತಿದ್ದ. ನೋಡಿಯೂ ನೋಡದಂತೆ ಹೋಗಿಬಿಡಬಹುದಿತ್ತು ಅವನು. ಹೋಗಲಿಲ್ಲ. ಹೊಸ್ತಿಲಲ್ಲಿ ನಿಂತು, ಕೈ ಮುಗಿದು, ಅದೇ ನಗು ನಕ್ಕು ಕೇಳಿದ.

"ಏನ್ರಿ ಕಾಕಾ, ಆರಾಮ ಅದೀರೇನ್ರಿ?"

ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ರಾಚಪ್ಪ ತಲೆ ಎತ್ತಲಿಲ್ಲ. ಬೆರಳಿನಲ್ಲಿದ್ದ ಕೆಂಪು ಎಳೆಯನ್ನು ಒಡಲಿನ ಎಳೆಗೆ ಸಿಕ್ಕಿಸಿ, ಎಳೆದು, ಗಟ್ಟಿಯಾಯಿತೋ ಇಲ್ಲವೋ ನೋಡಿಕೊಂಡ. ಆಮೇಲೆ ಹೇಳಿದ.

"ಇಲ್ಲೋ ಅನಿಲಪ್ಪ, ಆರಾಮ ಇಲ್ಲ. ಕೆಲಸ ಭಾಳ ಐತಿ."